ಜಠರದ ಹುಣ್ಣು ಮತ್ತು ಜ್ಯೇಷ್ಠಮಧು: ಒಂದು ಔಷಧ ಪರೀಕ್ಷೆಯ ಚರಿತ್ರೆ

ಗ್ರಂಧಿಗೆ ಅಂಗಡಿಗಳಲ್ಲಿ ಅತಿಮಧುರ ಅಥವಾ ಜ್ಯೇಷ್ಠಮಧು ಎಂಬ ಹೆಸರಿನಲ್ಲಿ ಸಿಗುವ, ಹೊರಗೆ ಕಂದಾಗಿಯೂ ಒಳಗೆ ಹಳದಿಯಾಗಿಯೂ ಇರುವ ನಾರುಬೇರು ಗ್ಲಿಸಿರೈಜಾ ಗ್ಲಾಬ್ರಾ ಎಂಬ ಸಸ್ಯದ್ದು. ಚರಕ, ಸುಶ್ರುತ ಸಂಹಿತೆಗಳಲ್ಲಿ ಇದು ಯಷ್ಟಿಮಧು. ಆಯುರ್ವೇದವು ಇದನ್ನು ಕೆಮ್ಮಿಗಷ್ಟೇ ಅಲ್ಲದೆ ವ್ರಣಗಳನ್ನು ಮಾಯಿಸುವುದಕ್ಕೂ ಬಳಸುತ್ತ ಬಂದಿದೆ. ಆದರೆ ಜಠರದ ಒಳಪೊರೆಯಲ್ಲಿ ಏಳುವ ಹುಣ್ಣಿಗೆ ಇದು ನಿಜವಾಗಿ ಮದ್ದಾಗಬಲ್ಲದೇ ಎಂಬ ಪ್ರಶ್ನೆಯನ್ನು ಆಧುನಿಕ ವೈದ್ಯಶಾಸ್ತ್ರವು ಕೈಗೆತ್ತಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದ ನೆದರ್ಲೆಂಡ್ಸ್‌ನಲ್ಲಿ.

ಅಲ್ಲಿನ ಹೀರೆನ್‌ವೀನ್ ಪಟ್ಟಣದ ಔಷಧ ವ್ಯಾಪಾರಿಯೊಬ್ಬನು ಜ್ಯೇಷ್ಠಮಧುವಿನ ಸಾರದಿಂದ ಮಾಡಿ ಕೊಡುತ್ತಿದ್ದ ಲೇಹ್ಯದಿಂದ ಹುಣ್ಣಿನ ರೋಗಿಗಳು ಚೇತರಿಸಿಕೊಳ್ಳುತ್ತಿರುವುದನ್ನು ವೈದ್ಯ ರೆವರ್ಸ್ ಗಮನಿಸಿ, 1946ರಲ್ಲಿ ತನ್ನ ಅವಲೋಕನಗಳನ್ನು ಪ್ರಕಟಿಸಿದನು. ಗುಣವಾದುದನ್ನು ಮಾತ್ರ ಬರೆಯದೆ, ಸುಮಾರು ಐವರಲ್ಲಿ ಒಬ್ಬರಿಗೆ ಕಾಲು, ಮುಖ ಬಾತುಕೊಂಡು ತಲೆನೋವು ಬರುತ್ತಿದ್ದುದನ್ನೂ ಆತ ದಾಖಲಿಸಿದ್ದು ಮುಂದಿನ ಸಂಶೋಧನೆಗೆ ದಾರಿಯಾಯಿತು. ಮೂತ್ರಪಿಂಡದ ಮೇಲಿರುವ ಅಡ್ರೀನಲ್ ಗ್ರಂಥಿಯು ಸ್ರವಿಸುವ, ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುವ ಹಾರ್ಮೋನಿನಂತೆಯೇ ಈ ಸಾರವೂ ವರ್ತಿಸುತ್ತದೆ ಎಂಬುದನ್ನು 1950ರಲ್ಲಿ ಡಚ್ ವೈದ್ಯರೇ ತೋರಿಸಿಕೊಟ್ಟರು.

ಬೇರಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್‌ನಿಂದ ದೊರೆಯುವ ಆಮ್ಲವನ್ನು ಮಾರ್ಪಡಿಸಿ, ಲಂಡನ್ನಿನ ಬಯೋರೆಕ್ಸ್ ಪ್ರಯೋಗಾಲಯವು ಕಾರ್ಬೆನಾಕ್ಸೊಲೋನ್ ಎಂಬ ಔಷಧವನ್ನು ರೂಪಿಸಿತು. ಅದನ್ನು ಪರೀಕ್ಷಿಸಿದವರು, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಸಾರಿದ ರಿಚರ್ಡ್ ಡಾಲ್ ಮತ್ತು ಅವರ ಸಹೋದ್ಯೋಗಿಗಳು. ಹುಣ್ಣಿನ ನೋವು ಮದ್ದಿಲ್ಲದೆಯೂ ಕೆಲವು ವಾರ ತಾನಾಗಿ ಅಡಗುವುದುಂಟು. ಹೀಗಾಗಿ ರೋಗಿಯ ಮಾತೊಂದೇ ಸಾಕ್ಷ್ಯವಾಗಲಾರದೆಂದು ಅರಿತು, ಬೇರಿಯಂ ಕುಡಿಸಿ ತೆಗೆದ ಕ್ಷ-ಕಿರಣ ಚಿತ್ರಗಳಲ್ಲಿ ಹುಣ್ಣಿನ ಗಾತ್ರವನ್ನು ಚಿಕಿತ್ಸೆಗೆ ಮೊದಲೂ ಅನಂತರವೂ ಅಳೆದು ಹೋಲಿಸುವ ಕ್ರಮವನ್ನು ಅವರು ಅನುಸರಿಸಿದರು. 1962ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ, ಹೋಲಿಕೆಯ ಗುಂಪಿನವರಿಗಿಂತ ಔಷಧ ಪಡೆದವರ ಜಠರದ ಹುಣ್ಣುಗಳು ಹೆಚ್ಚು ಕುಗ್ಗಿದವು.

ಉಪ್ಪು-ನೀರು ನಿಲ್ಲುವ ಬಾಧೆ ಮಾತ್ರ ಈ ಔಷಧದಲ್ಲೂ ಉಳಿಯಿತು. ರಕ್ತದಲ್ಲಿ ಪೊಟ್ಯಾಸಿಯಂ ಇಳಿದು, ರಕ್ತದೊತ್ತಡ ಏರುತ್ತಿತ್ತು. ಇದನ್ನು ತಡೆಯಲು, ಅದೇ ಅಡ್ರೀನಲ್ ಹಾರ್ಮೋನಿನ ಕೆಲಸಕ್ಕೆ ಅಡ್ಡಬರುವ ಸ್ಪೈರೊನೊಲ್ಯಾಕ್ಟೋನ್ ಎಂಬ ಔಷಧವನ್ನು ಜೊತೆಗೆ ಕೊಟ್ಟಾಗ ಬಾವು ಇಳಿಯಿತಾದರೂ ಹುಣ್ಣು ಮಾಯುವುದೂ ನಿಂತಿತೆಂಬುದು 1968ರ ಅಧ್ಯಯನದಿಂದ ತಿಳಿಯಿತು. ಥಯಾಜೈಡ್ ವರ್ಗದ ಮೂತ್ರವರ್ಧಕಗಳಿಂದ ಹಾಗಾಗಲಿಲ್ಲ. ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಮಹತ್ವದ ಶೋಧ ಇದೇ ಎನ್ನಬೇಕು, ಏಕೆಂದರೆ ಗುಣವೂ ದೋಷವೂ ಬಹುಮಟ್ಟಿಗೆ ಒಂದೇ ಮೂಲದಿಂದ ಬರುತ್ತಿರಬಹುದೆಂಬ ಸೂಚನೆ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ದೊರೆಯಿತು. ಉಪ್ಪು-ನೀರು ನಿಲ್ಲುವ ಬಾಧೆಯ ಒಳಗುಟ್ಟು ಬಯಲಾದದ್ದು 1987ರಲ್ಲಿ: ಕಾರ್ಟಿಸಾಲ್ ಹಾರ್ಮೋನನ್ನು ಮೂತ್ರಪಿಂಡದಲ್ಲಿ ನಿಷ್ಕ್ರಿಯಗೊಳಿಸುವ ಕಿಣ್ವವನ್ನು ಜ್ಯೇಷ್ಠಮಧು ತಡೆಯುತ್ತದೆ, ಹಾಗೆ ಉಳಿದ ಕಾರ್ಟಿಸಾಲೇ ಉಪ್ಪು-ನೀರನ್ನು ಹಿಡಿದಿಡುತ್ತದೆ ಎಂದು ಎಡಿನ್‌ಬರೋದ ಸಂಶೋಧಕರು ಕಂಡುಕೊಂಡರು.

ಈ ಬಾಧೆಯನ್ನು ತಪ್ಪಿಸಲೆಂದು ಗ್ಲಿಸಿರೈಜಿನ್ ಅಂಶವನ್ನು ಬಹುತೇಕ ತೆಗೆದುಹಾಕಿದ ಸಾರದ ಪರೀಕ್ಷೆಗಳು ಒಂದೇ ಉತ್ತರವನ್ನು ಕೊಡಲಿಲ್ಲ. 1978ರ ಬ್ರಿಟಿಷ್ ಪರೀಕ್ಷೆಯಲ್ಲಿ ಅದು ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. 1982ರಲ್ಲಿ 100 ರೋಗಿಗಳ ಮೇಲೆ ನಡೆದ ಇನ್ನೊಂದರಲ್ಲಿ ಅದು, ಆಮ್ಲದ ಸ್ರವಿಕೆಯನ್ನೇ ತಗ್ಗಿಸುವ ಔಷಧವಾದ ಸಿಮೆಟಿಡಿನ್‌ಗೆ ಸಮನಾಯಿತು, ಆದರೆ ಆ ಮಾತ್ರೆಯಲ್ಲಿ ಆಮ್ಲಶಾಮಕಗಳೂ ಬೆರೆತಿದ್ದವು. ಅಷ್ಟರಲ್ಲಿ ಈ ಸಿಮೆಟಿಡಿನ್ ಬಳಕೆಗೆ ಬಂದು ಕಾರ್ಬೆನಾಕ್ಸೊಲೋನನ್ನು ಹಿಂದಕ್ಕೆ ತಳ್ಳಿತ್ತು. ಬಹುಪಾಲು ಹುಣ್ಣುಗಳಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಬ್ಯಾಕ್ಟೀರಿಯಾ ಕಾರಣವೆಂದು ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ತೋರಿಸಿದ ಮೇಲಂತೂ ಚಿಕಿತ್ಸೆಯ ದಿಕ್ಕೇ ಬದಲಾಯಿತು.

ಆದರೂ ಹುಣ್ಣಿಗೆಂದು ಈ ಬೇರಿನ ಪುಡಿಯನ್ನು ತಿಂಗಳುಗಟ್ಟಲೆ ಸೇವಿಸುವವರು ಇಂದಿಗೂ ಇದ್ದಾರೆ. ನಿತ್ಯ ಸೇವನೆಯಲ್ಲಿ ಗ್ಲಿಸಿರೈಜಿನ್ ದಿನಕ್ಕೆ 100 ಮಿಲಿಗ್ರಾಂ ಮೀರಬಾರದೆಂದು ಯುರೋಪಿನ ಆಹಾರ ವಿಜ್ಞಾನ ಸಮಿತಿಯು ಸೂಚಿಸಿದೆ. ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಕೂಡದು.