ಎರಡನೇ ಬೈಕ್: ಹಳೇ ಯೆಜ್ಡಿ ಒಳ್ಳೇದೋ, ಈಚಿನ ಸೆಕೆಂಡ್ ಹ್ಯಾಂಡ್ ಒಳ್ಳೇದೋ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬಂದಾಗ, ಕೆ.ಆರ್. ನಗರದಲ್ಲಿ ಭತ್ತ ಮಾರಿದಾಗ, ಮನೆಗೆ ಇನ್ನೊಂದು ಬೈಕ್ ತರುವ ಮಾತು ಏಳುತ್ತದೆ. ಆಗ ಎರಡು ಮಾತು ಕೇಳಿಬರುತ್ತವೆ: 'ಹಳೇ ಬೈಕೇ ಗಟ್ಟಿ' ಮತ್ತು '15 ವರ್ಷ ಆದ ಬೈಕ್ ಗುಜರಿಗೇ ಹೋಗಬೇಕು'. ಇವು ಎಷ್ಟು ನಿಜ ಎಂದು ನೋಡೋಣ.

15 ವರ್ಷ ಆದರೆ ಗುಜರಿಯೇ?
ಅಲ್ಲ. ವಯಸ್ಸು ನೋಡಿ ಪೆಟ್ರೋಲ್ ಗಾಡಿಗಳನ್ನು ತಡೆಯುವ ಆದೇಶ ಬಂದದ್ದು ದೆಹಲಿ ಸುತ್ತಮುತ್ತಲಿಗೆ. ನಮ್ಮಲ್ಲಿ 15 ವರ್ಷದ ನಂತರ ಆರ್‌ಟಿಒದಲ್ಲಿ ಗಾಡಿ ತೋರಿಸಿ, ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಿದರೆ ಆರ್‌ಸಿ ಐದು ವರ್ಷಕ್ಕೆ ನವೀಕರಣ ಆಗುತ್ತದೆ.

ಹಳೆಯದೆಲ್ಲ 'ವಿಂಟೇಜ್' ಅಲ್ಲ
ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ತಯಾರಿಸಿತು. ಆದರೆ 2021ರ ಕೇಂದ್ರ ನಿಯಮದಂತೆ ವಿಂಟೇಜ್ ಎನಿಸಲು ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲರೂಪದಲ್ಲೇ ಇರಬೇಕು. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿಯಂಥದ್ದಕ್ಕೆ ಮಾತ್ರ. ತೋಟಕ್ಕೆ, ಸಂತೆಗೆ ಹೋಗುವವರಿಗೆ ಸಾಮಾನ್ಯ ನವೀಕರಣವೇ ಸರಿ.

ಹಳೆಯದೇ ಗಟ್ಟಿಯೇ?
ಅರ್ಧ ನಿಜ. ಯೆಜ್ಡಿಯ ತಗಡು ದಪ್ಪ, ಎಂಜಿನ್ ಸರಳ. ಆದರೆ ಅದು ಟೂ-ಸ್ಟ್ರೋಕ್. ಪೆಟ್ರೋಲ್‌ಗೆ ಆಯಿಲ್ ಬೆರೆಸಲೇಬೇಕು. ಈಗಿನ ಪೆಟ್ರೋಲ್‌ನಲ್ಲಿರುವ ಎಥೆನಾಲ್ ತೇವ ಹೀರುತ್ತದೆ, ಹಳೇ ರಬ್ಬರ್ ಪೈಪು, ವಾಷರ್ ಹಾಳುಮಾಡಬಹುದು. ಬ್ರೇಕ್ ಎರಡೂ ಕಡೆ ಡ್ರಮ್. ಹಳೇ ಮಾಡೆಲ್‌ಗಳ ಹೆಡ್‌ಲೈಟ್ ಮಂದ. ಹಂದಿ, ಜಿಂಕೆ ಅಡ್ಡ ಬರುವ ನಾಗರಹೊಳೆ ಅಂಚಿನ ರಸ್ತೆಯಲ್ಲಿ ಕತ್ತಲಾದ ಮೇಲೆ ಇದು ಸಣ್ಣ ಮಾತಲ್ಲ.

2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ಕಚ್ಚಿಕೊಳ್ಳದಂತೆ ಅದು ತಡೆಯುತ್ತದೆ. ಮಳೆಯಲ್ಲಿ ಜಾರುವುದು ಕಡಿಮೆ. 125 ಸಿಸಿವರೆಗಿನವುಗಳಿಗೆ ಕನಿಷ್ಠ ಸಿಬಿಎಸ್, ಅಂದರೆ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿತ.

ಎಂಜಿನ್‌ಗಿಂತ ಮೊದಲು ಕಾಗದ
- ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಆರ್‌ಸಿ ಅವಧಿ, ವಿಮೆ, ಸಾಲ ನೋಡಿ.
- ಚಾಸಿಸ್, ಎಂಜಿನ್ ನಂಬರ್ ಆರ್‌ಸಿಗೆ ಹೊಂದುತ್ತದೆಯೇ ಎಂದು ಕಣ್ಣಾರೆ ಪರೀಕ್ಷಿಸಿ.
- ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಕೇಳಿ.
- ಫಾರಂ 29, 30 ಕೊಟ್ಟು ಹೆಸರು ಬದಲಿಸಿ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹಾಗಾಗಿ ಮಾರುವವರಿಗೂ ಇದು ಮುಖ್ಯ.

ನಾವು ಹೇಳುವುದಿಷ್ಟು
ಮಗಳು ಕಾಲೇಜಿಗೆ, ನೀವು ಹೊಲಕ್ಕೆ ದಿನಾ ಓಡಿಸುವ ಬೈಕ್ ಬೇಕಿದ್ದರೆ 2019ರ ನಂತರದ್ದನ್ನು ನೋಡಿ. ಮೊದಲ ಬೈಕ್ ಮನೆಯ ಕೆಲಸಕ್ಕೆ ಸಾಕಾಗಿ, ಭಾನುವಾರದ ಆಸೆಗೆ ಇನ್ನೊಂದು ಬೇಕಿದ್ದರೆ, ಗೊತ್ತಿರುವ ಮೆಕ್ಯಾನಿಕ್ ಹತ್ತಿರದಲ್ಲಿದ್ದರೆ, ಆರ್‌ಸಿ ಸರಿಯಿರುವ ಯೆಜ್ಡಿ ತಗೊಳ್ಳಿ. ಆರ್‌ಸಿ ಇಲ್ಲದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.