ಹುಣಸೆ ಕೊರಡು

ಪಿಎಚ್.ಡಿ. ಕೆಲಸದಲ್ಲಿ ಕೈಗೆ ಸಿಗುವಂಥದ್ದು ಏನೂ ಬೇಗ ಆಗುವುದಿಲ್ಲ. ಮೂರು ವರ್ಷ ಓದಿದ್ದು ಒಂದು ಅಧ್ಯಾಯವಾಗುತ್ತದೆ, ಅದೂ ಗೈಡ್ ಮೇಜಿನಿಂದ ವಾಪಸು ಬರುತ್ತದೆ. ಅದಕ್ಕೇ ಇರಬೇಕು, ಭಾನುವಾರಗಳಲ್ಲಿ ನಮ್ಮ ಬೀದಿಯ ಆಚಾರ್ರ ಶೆಡ್ಡಿನಲ್ಲಿ ತರಕಾರಿ ಹೆಚ್ಚುವ ಹಲಗೆ ಮಾಡುವ ಹುಚ್ಚು ಹತ್ತಿದ್ದು. ಮೊದಲನೆಯದು ಹಲಸಿನದು. ಹತ್ತರಿ ಹಾಕಿ, ಉಪ್ಪುಕಾಗದದಲ್ಲಿ ಉಜ್ಜಿ, ಎಣ್ಣೆ ಸವರಿದೊಡನೆ ಅದರ ಹಳದಿ ಎದ್ದು ಕಂಡಿತು. ಅಮ್ಮ ಈಗಲೂ ಅದರ ಮೇಲೇ ಬೀನ್ಸ್ ಹೆಚ್ಚುತ್ತಾರೆ.

ನನ್ನ ಸಂಶೋಧನೆಯೂ ಅಡುಗೆಮನೆಯದೇ. ಅಡುಗೆ ನೆಲದಿಂದ ಕಟ್ಟೆಗೆ ಏರಿದ ಕಥೆ. ಪುಸ್ತಕಗಳಲ್ಲಿ ಈ ಕಥೆ ಹೆಚ್ಚಾಗಿ ಫ್ರಾಂಕ್‌ಫರ್ಟ್ ಮೂಲಕವೇ ಹಾದುಹೋಗುತ್ತದೆ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಅಲ್ಲಿನ ಹೊಸ ವಸತಿಗಳಿಗಾಗಿ, ಹೆಜ್ಜೆ ಹೆಜ್ಜೆ ಅಳೆದು, ಒಂದು ಪುಟ್ಟ ಅಡುಗೆಮನೆ ರೂಪಿಸಿದರು. ಅಂಥವು ಸುಮಾರು 10,000 ಕಟ್ಟಲ್ಪಟ್ಟವು. ಹಿಟ್ಟಿನ ಡಬ್ಬಕ್ಕೆ ಹುಳು ಬರದಿರಲೆಂದು ಓಕ್ ಮರ. ಕೆಲಸದ ಮೇಜಿಗೆ ಕಲೆಯನ್ನೂ ಚಾಕುವಿನ ಗೀರನ್ನೂ ತಡೆಯಲೆಂದು ಬೀಚ್ ಮರ.

ಅದರ ಎದುರಿಗೆ ನಾನು ಅಜ್ಜಿಯ ಈಳಿಗೆ ಮಣೆಯನ್ನು ಇಟ್ಟಿದ್ದೆ. ಮೆಟ್ಟುಗತ್ತಿ ಎಂದರೂ ಅದೇ. ಇಲ್ಲಿ ಅಲಗು ನಿಂತಿರುತ್ತದೆ, ಬದನೆಕಾಯಿ ಅದರತ್ತ ಹೋಗುತ್ತದೆ. ಕಾಲಲ್ಲಿ ಮಣೆ ಮೆಟ್ಟಿ ಕೂತರೆ ಎರಡೂ ಕೈ ಖಾಲಿ. ಹೋಳು ಸೀದಾ ಪಾತ್ರೆಯ ನೀರಿಗೆ ಬೀಳುತ್ತದೆ, ಕೆಳಗೊಂದು ಹಲಗೆಯೇ ಬೇಡ. ಹಾಗಾಗಿ, "ನಮ್ಮಲ್ಲಿ ಕತ್ತರಿಸುವ ಹಲಗೆ ಇರಲಿಲ್ಲ, ಅದು ಗ್ಯಾಸ್ ಒಲೆ, ಕಟ್ಟೆಗಳ ಜೊತೆ ಬಂತು" ಎಂದು ಬರೆದೆ. ಸೆಮಿನಾರಿನಲ್ಲಿ ಓದಿದಾಗ ಎಲ್ಲರೂ ತಲೆಯಾಡಿಸಿದರು.

ತಕರಾರು ಬಂದದ್ದು ಶೆಡ್ಡಿನಲ್ಲಿ. ಹವ್ಯಾಸಿ ಬಡಗಿಗಳು ಹೆಮ್ಮೆಪಡುವ 'ಎಂಡ್ ಗ್ರೇನ್' ಹಲಗೆಗೆ ಕೈಹಾಕಿದ್ದೆ. ಮಾಮೂಲಿ ಹಲಗೆಯಲ್ಲಿ ಮರದ ನಾರು ಮಲಗಿರುತ್ತದೆ, ಚಾಕು ಅದನ್ನು ಕಡಿಯುತ್ತದೆ. ಇದರಲ್ಲಿ ನಾರು ಬ್ರಷ್ಷಿನ ಕೂದಲಿನಂತೆ ನೆಟ್ಟಗೆ ನಿಲ್ಲುತ್ತದೆ. ಅಲಗು ನಡುವೆ ಇಳಿದು ಎದ್ದರೆ ಗಾಯ ಬಹುಪಾಲು ಮುಚ್ಚಿಕೊಳ್ಳುತ್ತದೆ, ಹರಿತವೂ ಉಳಿಯುತ್ತದೆ. ಅದಕ್ಕಾಗಿ ನಲವತ್ತು ತುಂಡು ಕೊಯ್ದು ಅಂಟು ಹಾಕುತ್ತಿದ್ದೆ.

"ಇದಕ್ಕೆ ಇಷ್ಟೊಂದು ಫೆವಿಕಾಲ್ ಯಾಕೆ ಮೇಷ್ಟ್ರೇ? ಮಟನ್ ಅಂಗಡಿ ಕೊರಡು ನೋಡಿಲ್ವಾ ನೀವು?" ಎಂದರು ಆಚಾರ್ರು.

ನೋಡಿರಲಿಲ್ಲ. ನಮ್ಮದು ಮಾಂಸ ತಿನ್ನದ ಮನೆ. ಆ ಅಂಗಡಿ ಬಂದಾಗ ಮುಖ ತಿರುಗಿಸಿಕೊಳ್ಳುವುದು ಚಿಕ್ಕಂದಿನ ಅಭ್ಯಾಸ. ಬಸ್‌ಸ್ಟ್ಯಾಂಡಿಗೆ ದಿನಾ ಅದೇ ದಾರಿ.

ಮರುದಿನ ಹೋಗಿ ನಿಂತೆ. ಮೊಣಕಾಲೆತ್ತರದ ಹುಣಸೆ ದಿಮ್ಮಿ, ಅಡ್ಡ ಕೊಯ್ದು ನಿಲ್ಲಿಸಿದ್ದು. ನಾನು ನಲವತ್ತು ತುಂಡಿನಲ್ಲಿ ಮಾಡಲು ಹೊರಟದ್ದು ಅಲ್ಲಿ ಒಂದೇ ತುಂಡಿನಲ್ಲಿತ್ತು. ಹುಣಸೆಯ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಮೂಳೆಗೆ ಹೊಡೆದ ಮಚ್ಚಿನ ಏಟಿಗೂ ಸುಲಭಕ್ಕೆ ಸೀಳುವುದಿಲ್ಲ. ಮೇಲ್ಮೈ ನಡುವೆ ಬಟ್ಟಲಿನಂತೆ ಸವೆದಿತ್ತು. ಸಂಜೆ ಕತ್ತಿಯ ಬೆನ್ನಿಂದ ಹೆರೆದು, ಉಪ್ಪು ಉಜ್ಜಿ, ಒಣಗಲು ಬಿಡುತ್ತೇವೆ ಎಂದರು ಅಂಗಡಿಯವರು. ಒಣಗಲು ಬಿಡುವುದರಲ್ಲೇ ಗುಟ್ಟಿದೆ. ಪ್ಲಾಸ್ಟಿಕ್ ಹಲಗೆಯೇ ಸುರಕ್ಷಿತ ಎನ್ನುತ್ತಿದ್ದ 1990ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೀನ್ ಕ್ಲೈವರ್ ತಂಡ ಪರೀಕ್ಷಿಸಿ ನೋಡಿತು. ಮರ ಬ್ಯಾಕ್ಟೀರಿಯಾವನ್ನು ಒಳಗೆ ಎಳೆದುಕೊಂಡಿತ್ತು, ಮೇಲ್ಮೈಗೆ ಅವು ಮರಳಿ ಬರಲಿಲ್ಲ. ಗೀರು ಬಿದ್ದ ಪ್ಲಾಸ್ಟಿಕ್ಕನ್ನು ಕೈಯಲ್ಲಿ ತೊಳೆದರೂ ಪೂರ್ತಿ ಹೋಗಲಿಲ್ಲ.

ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ನನ್ನ ಅಧ್ಯಾಯದಲ್ಲೂ ಇದೆ. 12ನೆಯ ಶತಮಾನದ ಆ ಗ್ರಂಥದಲ್ಲಿ ಹಂದಿ ಮಾಂಸದ ಅಡುಗೆ ವಿವರವಾಗಿಯೇ ಬರುತ್ತದೆ. ಟಿಪ್ಪಣಿ ಮಾಡಿಕೊಳ್ಳುವಾಗ ಆ ಮಾಂಸವನ್ನು ಯಾವುದರ ಮೇಲೆ ಇಟ್ಟು ಕಡಿದಿರಬಹುದು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ "ನಮ್ಮಲ್ಲಿ ಇರಲಿಲ್ಲ" ಎಂದು ಅಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ. ಈಗ ಆ ವಾಕ್ಯದಲ್ಲಿ "ನಮ್ಮಲ್ಲಿ" ಹೊಡೆದುಹಾಕಿ "ನಮ್ಮ ಮನೆಯಲ್ಲಿ" ಎಂದು ಬರೆದಿದ್ದೇನೆ. ಗೈಡ್ ಅದರ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ಹೋದ ತಿಂಗಳು ಅಂಗಡಿಗೆ ಹೊಸ ಕೊರಡು ಬಂತು. "ಹಳೇದು ಬೇಕಾದ್ರೆ ತಗೊಂಡ್ಹೋಗಿ ಸಾರ್" ಎಂದರು. ಇಬ್ಬರು ಹಿಡಿದು ಆಟೋಕ್ಕೆ ಹಾಕಿದೆವು. ಮನೆಗೆ ತರುವ ಧೈರ್ಯ ಬರಲಿಲ್ಲ. ಆಚಾರ್ರ ಶೆಡ್ಡಿನಲ್ಲೇ ಇದೆ.