ಜ್ಞಾತಾಧರ್ಮಕಥೆಯ ಮೂರು ಸಮುದ್ರವಾತ ಪ್ರಸಂಗಗಳು: ‘ಜಾವ’ ಶಬ್ದದ ಮೇರೆ

ಸಮುದ್ರಯಾನ, ಅಕಾಲದ ಬಿರುಗಾಳಿ, ನೌಕಾಭಂಗ, ಹಲಗೆಯೊಂದನ್ನು ಆಶ್ರಯಿಸಿ ದಡ ಸೇರುವುದು - ಇವು ಜೈನ ಕಥಾಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುವ ಸಂಗತಿಗಳು. ಹರಿಭದ್ರಸೂರಿಯ ಸಮರಾಇಚ್ಚಕಹಾ, ಕ್ರಿ.ಶ. 779ರಲ್ಲಿ ಜಾವಾಲಿಪುರದಲ್ಲಿ ಪೂರ್ಣಗೊಂಡ ಉದ್ದ್ಯೋತನಸೂರಿಯ ಕುವಲಯಮಾಲಾ, ಕನ್ನಡ ನಾಡಿನ ಪುನ್ನಾಟದ ಹೆಸರನ್ನು ಹೊತ್ತ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ (ಕ್ರಿ.ಶ. 783) ರಚಿಸಿದ ಹರಿವಂಶಪುರಾಣದ ಚಾರುದತ್ತನ ವೃತ್ತಾಂತ ಇದಕ್ಕೆ ನಿದರ್ಶನಗಳು. ಇಂತಹ ಸಾಮ್ಯವನ್ನು ಕಂಡು, ಸಮುದ್ರವಾತದ ವರ್ಣನೆಯೆಲ್ಲ ಒಂದೇ ಎರಕದ್ದು, ಇತಿಹಾಸಕಾರನಿಗೆ ಅದರಿಂದ ಪ್ರಯೋಜನವಿಲ್ಲ ಎಂದು ತಿಳಿಯುವುದುಂಟು. ಈ ತಿಳಿವಳಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸಲು ಆರನೆಯ ಅಂಗವಾದ ನಾಯಾಧಮ್ಮಕಹಾ ಅತ್ಯಂತ ಯೋಗ್ಯವಾದ ಗ್ರಂಥ. ದಿಗಂಬರ ಪರಂಪರೆಯಲ್ಲಿ ಧವಲಾಟೀಕೆಯು ಈ ಅಂಗವನ್ನು ‘ಣಾಹಧಮ್ಮಕಹಾ’ ಎಂಬ ಹೆಸರಿನಿಂದ ಸ್ಮರಿಸುತ್ತದೆ. ಶ್ವೇತಾಂಬರ ಪರಂಪರೆಯಲ್ಲಿ ಉಳಿದು ಬಂದಿರುವ ಪಾಠವು ವೀರನಿರ್ವಾಣ 980 ಅಥವಾ 993ರಲ್ಲಿ ವಲಭಿಯಲ್ಲಿ ದೇವರ್ಧಿಗಣಿ ಕ್ಷಮಾಶ್ರಮಣರ ನೇತೃತ್ವದಲ್ಲಿ ಗ್ರಂಥಸ್ಥವಾಯಿತು. ಇದರ ಪ್ರಥಮ ಶ್ರುತಸ್ಕಂಧದ 19 ಅಧ್ಯಯನಗಳಲ್ಲಿ ಮೂರು ಕಡೆ, ಅಂದರೆ 8, 9 ಮತ್ತು 17ನೆಯ ಅಧ್ಯಯನಗಳಲ್ಲಿ, ನೌಕೆಯು ಲವಣಸಮುದ್ರದ ನಡುವೆ ಉತ್ಪಾತಕ್ಕೆ ಸಿಲುಕುತ್ತದೆ.

ಆಗಮಗಳ ಪಾಠದಲ್ಲಿ, ಒಮ್ಮೆ ಹೇಳಿದ ವರ್ಣನೆಯು ಪುನಃ ಬಂದಾಗ ಅದನ್ನು ಪೂರ್ತಿಯಾಗಿ ಬರೆಯದೆ ಆದಿಪದವನ್ನೂ ಅಂತ್ಯಪದವನ್ನೂ ಕೊಟ್ಟು ನಡುವೆ ‘ಜಾವ’ (ಯಾವತ್) ಎಂದು ಸೂಚಿಸುವ ಕ್ರಮವುಂಟು. ‘ಇಲ್ಲಿಂದ ಅಲ್ಲಿಯವರೆಗೆ’ ಎಂಬುದು ಇದರ ತಾತ್ಪರ್ಯ. ಪಾಠವನ್ನು ಕಂಠಸ್ಥವಾಗಿ ಉಳ್ಳ ವಾಚಕನಿಗೆ ಇದರಿಂದ ಯಾವ ತೊಡಕೂ ಇರಲಿಲ್ಲ. ಕಂಠಪಾಠ ಕ್ಷೀಣಿಸಿದ ಮೇಲೆ ಓದುಗನು ಆದಿಪದವನ್ನು ಮಾತ್ರ ಗಮನಿಸಿ, ಅಂತ್ಯಪದವನ್ನು ಕಡೆಗಣಿಸಿ, ಹಿಂದಿನ ವರ್ಣನೆಯನ್ನೆಲ್ಲ ಇಲ್ಲಿಗೆ ತಂದು ತುಂಬುವ ಸಂಭವವಿದೆ. ಹಾಗೆ ತುಂಬಿದರೆ ಮೂರು ಬಿರುಗಾಳಿಗಳೂ ಒಂದೇ ಆಗಿಬಿಡುತ್ತವೆ.

ಮೊದಲನೆಯದು ಮಲ್ಲೀ ಅಧ್ಯಯನದ ಅರ್ಹನ್ನಕನ ಪ್ರಸಂಗ. ಚಂಪಾನಗರಿಯ ನೌಕಾವಣಿಕರು ಎಣಿಸಿ, ತೂಗಿ, ಅಳೆದು, ಪರೀಕ್ಷಿಸಿ ಮಾರುವ ನಾಲ್ಕು ಬಗೆಯ ಸರಕನ್ನು ತುಂಬಿಕೊಂಡು ಗಂಭೀರವೆಂಬ ಪೋತಪಟ್ಟಣದಿಂದ ಹೊರಡುತ್ತಾರೆ. ನೌಕೆಯ ಕೆಲಸದವರಲ್ಲಿ ಕರ್ಣಧಾರ, ಕುಕ್ಷಿಧಾರ, ಗರ್ಭಜ ಎಂಬ ಭೇದಗಳಿವೆ. ಕ್ರಿ.ಶ. 1063ರಲ್ಲಿ (ವಿಕ್ರಮ ಸಂವತ್ 1120) ವೃತ್ತಿಯನ್ನು ರಚಿಸಿದ ಅಭಯದೇವಸೂರಿಯು ಕುಕ್ಷಿಧಾರರೆಂದರೆ ನೌಕೆಯ ಪಾರ್ಶ್ವಗಳಲ್ಲಿ ನಿಂತು ದುಡಿಯುವವರೆಂದೂ, ಗರ್ಭಜರೆಂದರೆ ಒಳಗಿನ ನಾನಾ ಕೆಲಸಗಳನ್ನು ಮಾಡುವವರೆಂದೂ ವಿವರಿಸಿದ್ದಾನೆ. ನಡುಗಡಲಿನಲ್ಲಿ ಅಕಾಲದ ಗರ್ಜನೆ, ಅಕಾಲದ ಮಿಂಚು, ಅಕಾಲದ ಮೇಘಧ್ವನಿ. ಬಳಿಕ ಭೀಕರ ಪಿಶಾಚರೂಪ. ಉಳಿದವರು ಭಯದಿಂದ ಇಂದ್ರ, ಸ್ಕಂದ, ರುದ್ರಾದಿಗಳಿಗೆ ಹರಕೆ ಹೊರುತ್ತಾರೆ. ಶ್ರಮಣೋಪಾಸಕನಾದ ಅರ್ಹನ್ನಕನು ಮಾತ್ರ ವಸ್ತ್ರದ ಅಂಚಿನಿಂದ ನೆಲವನ್ನು ಒರೆಸಿ ಕುಳಿತು, ಅರ್ಹಂತರಿಗೆ ಕೈಮುಗಿದು, ಈ ಉಪಸರ್ಗ ನೀಗುವವರೆಗೆ ಆಹಾರತ್ಯಾಗವೆಂದು ಸಾಗಾರ ಪ್ರತ್ಯಾಖ್ಯಾನವನ್ನು ಸ್ವೀಕರಿಸುತ್ತಾನೆ. ವ್ರತವನ್ನು ಬಿಡದಿದ್ದರೆ ನೌಕೆಯನ್ನು ಎರಡು ಬೆರಳುಗಳಲ್ಲಿ ಎತ್ತಿ ಮುಳುಗಿಸುವೆನೆಂದು ದೇವನು ಬೆದರಿಸಿದರೂ ಅವನು ವಿಚಲಿತನಾಗುವುದಿಲ್ಲ. ಈ ಪ್ರಸಂಗದಲ್ಲಿ ಗಮನಿಸಬೇಕಾದುದು ಒಂದು: ಇಲ್ಲಿ ಉತ್ಪಾತಗಳಿವೆ, ಪಿಶಾಚವಿದೆ, ಆದರೆ ಕಾಲಿಕವಾತ ಬೀಸುವುದಿಲ್ಲ, ನೌಕೆಗೆ ಹಾನಿಯೂ ಇಲ್ಲ.

ಎರಡನೆಯದು ಮಾಕಂದೀ ಅಧ್ಯಯನ. ಚಂಪೆಯ ಮಾಕಂದೀ ಸಾರ್ಥವಾಹನ ಮಕ್ಕಳಾದ ಜಿನಪಾಲಿತ ಜಿನರಕ್ಷಿತರು ಹನ್ನೊಂದು ಸಲ ಸಮುದ್ರಯಾನ ಮಾಡಿ ಸಂಪತ್ತಿನೊಡನೆ ಮರಳಿದವರು. ಹನ್ನೆರಡನೆಯ ಯಾನಕ್ಕೆ ಉಪಸರ್ಗವಿದೆಯೆಂದು ತಂದೆತಾಯಿಗಳು ತಡೆದರೂ ಕೇಳದೆ ಹೊರಡುತ್ತಾರೆ. ಇಲ್ಲಿ ಸೂತ್ರಕಾರನು ಅಕಾಲದ ಗರ್ಜನೆಯಿಂದ ಮೇಘಧ್ವನಿಯವರೆಗಿನ ಅಂಶವನ್ನು ‘ಜಾವ’ ಎಂದು ಹಿಂದಿನ ಅಧ್ಯಯನದಿಂದ ಪಡೆದು, ಪಿಶಾಚವು ಬರುವ ಮೊದಲೇ ನಿಲ್ಲಿಸುತ್ತಾನೆ. ಅನಂತರ ತನ್ನದೇ ಮಾತಿನಲ್ಲಿ ಕಾಲಿಕವಾತವು ಎದ್ದಿತೆಂದು ಹೇಳಿ, ನೌಕೆಯ ಅವಸ್ಥೆಯನ್ನು ಉಪಮೆಗಳ ಮಾಲೆಯಲ್ಲಿ ವರ್ಣಿಸುತ್ತಾನೆ. ನೌಕೆಯು ವಿದ್ಯೆ ಸಿದ್ಧಿಸಿದ ವಿದ್ಯಾಧರ ಕನ್ಯೆಯಂತೆ ಮೇಲಕ್ಕೆ ನೆಗೆದು, ವಿದ್ಯೆಯನ್ನು ಕಳೆದುಕೊಂಡವಳಂತೆ ಕೆಳಕ್ಕೆ ಬೀಳುತ್ತದೆ. ಗರುಡನ ವೇಗಕ್ಕೆ ಬೆದರಿದ ನಾಗಕನ್ಯೆಯಂತೆ ಓಡುತ್ತದೆ. ಪತಿಯನ್ನು ಕಳೆದುಕೊಂಡ ನವವಧುವಿನಂತೆ ನೀರು ಸುರಿಸುತ್ತ ಅಳುತ್ತದೆ.

ಉಪಮೆಗಳ ಬೆನ್ನಿಗೇ ನೌಕಾಂಗಗಳ ವಿವರ ಬರುತ್ತದೆ. ಮರ ಪುಡಿಯಾಗುತ್ತದೆ, ಹಲಗೆಗಳ ನಡುವಣ ಸಂಧಿಗಳು ತಟತಟನೆ ಒಡೆಯುತ್ತವೆ, ಲೋಹದ ಕೀಲುಗಳು ಕಳಚುತ್ತವೆ, ಹಗ್ಗಗಳು ಶಿಥಿಲವಾಗಿ ಅಂಗಾಂಗಗಳು ಚೆದುರುತ್ತವೆ, ನೌಕೆಯು ಸುಡದ ಹಸಿಮಣ್ಣಿನ ಬೋಗುಣಿಯಂತಾಗುತ್ತದೆ. ಕೊನೆಗೆ ನೀರೊಳಗಿನ ಗಿರಿಶಿಖರಕ್ಕೆ ತಾಗಿ ಕೂವೆಮರವೂ ಧ್ವಜದಂಡವೂ ಮುರಿದು ನಾಶವಾಗುತ್ತದೆ. ಇದು ಕೇವಲ ಕವಿಸಮಯವಲ್ಲ. ಭೋಜನ ಹೆಸರಿನಲ್ಲಿರುವ ಯುಕ್ತಿಕಲ್ಪತರುವು ಸಮುದ್ರದ ಅಯಸ್ಕಾಂತವು ಸೆಳೆಯುವುದೆಂಬ ಕಾರಣದಿಂದ ಸಾಗರನೌಕೆಗೆ ಲೋಹಬಂಧನವನ್ನು ನಿಷೇಧಿಸುತ್ತದೆ. 13ನೆಯ ಶತಮಾನದ ಮಾರ್ಕೊ ಪೋಲೊ ಹೊರ್ಮುಜಿನಲ್ಲಿ ಕಂಡ ಹಡಗುಗಳು ತೆಂಗಿನ ನಾರಿನಿಂದ ಹೊಲಿದವು. ಅವುಗಳಲ್ಲಿ ಕಬ್ಬಿಣದ ಮೊಳೆಯಿರಲಿಲ್ಲ. ಹೀಗಿರುವಲ್ಲಿ, ಹಲಗೆಯ ಸಂಧಿಯಿಂದ ಲೋಹಕೀಲವು ಜಾರುವುದನ್ನು ಹೇಳುವ ಈ ವಾಕ್ಯವು ಭಾರತೀಯ ನೌಕಾನಿರ್ಮಾಣದ ಇತಿಹಾಸಕ್ಕೆ ಬೆಲೆಯುಳ್ಳ ಸಾಕ್ಷ್ಯ. ಹಗ್ಗವನ್ನೂ ಕೀಲನ್ನೂ ಒಟ್ಟಿಗೆ ಹೇಳಿರುವುದರಿಂದ ಎರಡು ಬಗೆಯ ಬಂಧನಗಳೂ ಸೂತ್ರಕಾರನಿಗೆ ಪರಿಚಿತವಾಗಿದ್ದುವೆಂದು ತಿಳಿಯಬಹುದು.

ಅನೇಕ ಜನರೂ ಸರಕೂ ಮುಳುಗಿದ ಮೇಲೆ ಸಹೋದರರಿಬ್ಬರು ಫಲಕಖಂಡವೊಂದನ್ನು ಹಿಡಿದು ರತ್ನದ್ವೀಪವನ್ನು ಸೇರುತ್ತಾರೆ. ಅಲ್ಲಿ ತೆಂಗಿನಕಾಯಿಗಳನ್ನು ಒಡೆದು, ಅವುಗಳ ಎಣ್ಣೆಯನ್ನು ಒಬ್ಬರಿಗೊಬ್ಬರು ಮೈಗೆ ಹಚ್ಚಿಕೊಳ್ಳುತ್ತಾರೆ. ಮುಂದೆ ದ್ವೀಪದೇವತೆಯ ಮೋಹಕ್ಕೆ ಒಳಗಾಗಿ ಹಿಂದಿರುಗಿ ನೋಡಿದ ಜಿನರಕ್ಷಿತನು ಶೈಲಕಯಕ್ಷನ ಬೆನ್ನಿನಿಂದ ಜಾರಿ ಹತನಾಗುತ್ತಾನೆ. ನೋಡದ ಜಿನಪಾಲಿತನು ಚಂಪೆಯನ್ನು ಸೇರಿ, ಕಾಲಾಂತರದಲ್ಲಿ ದೀಕ್ಷೆಯನ್ನು ಪಡೆಯುತ್ತಾನೆ. ಬಿರುಗಾಳಿಯಲ್ಲಿ ಬದುಕಿ ಉಳಿದವನು ಶಾಂತ ಗಾಳಿಯಲ್ಲಿ ನಾಶವಾದನು.

ಮೂರನೆಯದು 17ನೆಯ ಅಧ್ಯಯನ. ಹಸ್ತಿಶೀರ್ಷನಗರದ ವಣಿಕರ ಯಾನವು ಅರ್ಹನ್ನಕನಂತೆ ಎಂದೂ, ಉತ್ಪಾತಗಳು ಮಾಕಂದೀಪುತ್ರರಿಗೆ ಆದಂತೆ ಎಂದೂ ಸೂತ್ರವು ಸಂಕ್ಷೇಪಿಸುತ್ತದೆ. ಇಲ್ಲಿಯ ‘ಜಾವ’ದ ಅಂತ್ಯಪದ ‘ಕಾಲಿಯವಾತ’. ಮೇರೆ ಇಲ್ಲಿಗೇ ಮುಗಿಯಿತು. ಇದನ್ನು ಮೀರಿ ಒಂಬತ್ತನೆಯ ಅಧ್ಯಯನದ ಉಪಮಾಮಾಲೆಯನ್ನೂ ಕೀಲು ಕಳಚುವಿಕೆಯನ್ನೂ ತಂದು ತುಂಬಿದರೆ, ಒಡೆದುಹೋದ ನೌಕೆಯೇ ಮುಂದೆ ಕಾಲಿಕದ್ವೀಪವನ್ನು ತಲುಪಿತೆಂಬ ಅಸಂಗತಿ ಉಂಟಾಗುತ್ತದೆ. ಈ ನೌಕೆ ಒಡೆಯಲಿಲ್ಲ; ಇಲ್ಲಿ ಕೆಟ್ಟದ್ದು ನಿರ್ಯಾಮಕನ ದಿಗ್‍ಜ್ಞಾನ. ಮತಿ, ಶ್ರುತಿ, ಸಂಜ್ಞೆಗಳನ್ನು ಕಳೆದುಕೊಂಡು ಯಾವ ದಿಕ್ಕಿಗೆ ನೌಕೆ ಸಾಗುತ್ತಿದೆಯೆಂಬುದನ್ನು ಅರಿಯದೆ ಅವನು ಕುಗ್ಗಿ ಕುಳಿತಾಗ ಕುಕ್ಷಿಧಾರ, ಕರ್ಣಧಾರ, ಗರ್ಭಜ, ವಣಿಕರೆಲ್ಲರೂ ಬಂದು ಕಾರಣ ಕೇಳುತ್ತಾರೆ. ಅವನು ತನ್ನ ಅಜ್ಞಾನವನ್ನು ಮರೆಮಾಚದೆ ಒಪ್ಪಿಕೊಳ್ಳುತ್ತಾನೆ. ಮುಹೂರ್ತಾನಂತರ ದಿಗ್‍ಜ್ಞಾನ ಮರಳಿದಾಗ ನೌಕೆಯು ದ್ವೀಪದ ಬಳಿ ಇರುವುದನ್ನು ಅವನೇ ಗುರುತಿಸುತ್ತಾನೆ.

ಹೀಗೆ ಒಂದು ಬಿರುಗಾಳಿಯಲ್ಲಿ ಪರೀಕ್ಷೆಗೆ ಒಳಗಾದುದು ಪ್ರಯಾಣಿಕನ ಶ್ರದ್ಧೆ, ಇನ್ನೊಂದರಲ್ಲಿ ನೌಕೆಯ ಶರೀರ, ಮತ್ತೊಂದರಲ್ಲಿ ನಿರ್ಯಾಮಕನ ಜ್ಞಾನ. ಸೂತ್ರಕಾರನು ಸಾಮಾನ್ಯ ಅಂಶವನ್ನು ಮಾತ್ರ ಎರವಲು ಪಡೆದು, ವಿಶೇಷವನ್ನು ಪ್ರತಿಯೊಂದು ಕಡೆಯೂ ಹೊಸದಾಗಿ ಹೇಳಿದ್ದಾನೆ. ಈ ವಿವೇಕದ ಬೆಲೆ ಆವಶ್ಯಕನಿರ್ಯುಕ್ತಿಯನ್ನು ನೋಡಿದಾಗ ಮತ್ತಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಅರ್ಹಂತರನ್ನು ನಿರ್ಯಾಮಕರೆಂದು ಸ್ತುತಿಸಿ, ಮಿಥ್ಯಾತ್ವವನ್ನು ಕಾಲಿಕವಾತಕ್ಕೂ, ಸಮ್ಯಕ್ತ್ವವನ್ನು ಅನುಕೂಲವಾದ ಗರ್ಜಭವಾತಕ್ಕೂ, ಸಿದ್ಧಿಯನ್ನು ಪಟ್ಟಣಕ್ಕೂ ಹೋಲಿಸಲಾಗಿದೆ. ಚೂರ್ಣಿಯು ದಿಕ್ಕುಗಳಿಗನುಸಾರ ವಾತಗಳ ಹೆಸರುಗಳನ್ನು ಎಣಿಸುತ್ತ, ಗರ್ಜಭವು ಪಶ್ಚಿಮೋತ್ತರದ ಗಾಳಿಯೆಂದು ತಿಳಿಸುತ್ತದೆ. ನಾವಿಕರ ಬಾಯಲ್ಲಿ ಬಳಕೆಯಲ್ಲಿದ್ದ ಶಬ್ದಗಳೇ ತತ್ತ್ವೋಪದೇಶದ ಉಪಮಾನಗಳಾಗಿವೆ. 1953ರಲ್ಲಿ ಪ್ರಕಟವಾದ ‘ಸಾರ್ಥವಾಹ’ ಗ್ರಂಥದಲ್ಲಿ ಡಾ. ಮೋತಿಚಂದ್ರರು ಇಂತಹ ಸಾಮಗ್ರಿಯನ್ನು ವಾಣಿಜ್ಯಪಥಗಳ ಇತಿಹಾಸಕ್ಕೆ ಬಳಸಿಕೊಂಡು ದಾರಿ ತೋರಿದ್ದಾರೆ.

ಆದಕಾರಣ ಸಂಪಾದಕರು ‘ಜಾವ’ ಇರುವಲ್ಲಿ ಪಾಠವನ್ನು ಪೂರೈಸುವಾಗ ಆದಿಪದದಷ್ಟೇ ಎಚ್ಚರದಿಂದ ಅಂತ್ಯಪದವನ್ನೂ ನೋಡಬೇಕು. ತುಂಬಿದ ಭಾಗವನ್ನು ಕಂಸದಲ್ಲಿ ಪ್ರತ್ಯೇಕವಾಗಿ ತೋರಿಸಬೇಕು. ಹಾಗೆ ಮಾಡದಿದ್ದಲ್ಲಿ, ಹಸ್ತಿಶೀರ್ಷದ ವಣಿಕರನ್ನು ದಡ ಸೇರಿಸಿದ ನೌಕೆಯು ಸಂಪಾದಕನ ಲೇಖನಿಯಿಂದಲೇ ಮುಳುಗಿಹೋದೀತು.